ಸರ್ವರ್ ಪಾಸ್‌ವರ್ಡ್ ಕಳೆದು ಹೋಯ್ತಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನು ಓದಿ

ಸಹಕಾರನಗರ: ಬೆಳಿಗ್ಗೆ ಶಟರ್ ಎತ್ತಿ, ದೇವರಿಗೆ ದೀಪ ಹಚ್ಚಿ, ಕಂಪ್ಯೂಟರ್ ಆನ್ ಮಾಡ್ತೀರಿ. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಹಾಕಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ, ಫೋನ್ ನಂಬರೂ ಬದಲಾಗಿದೆ. ಸ್ಟಾಕು, ಸಾಲದ ಲೆಕ್ಕ, ಜಿಎಸ್‌ಟಿ ಬಿಲ್ಲು ಎಲ್ಲ ಅದರೊಳಗೇ ಇದೆ. ಕೊಡಿಗೇಹಳ್ಳಿ ಗೇಟ್ ಕಡೆಯ ಮೆಡಿಕಲ್ ಸ್ಟೋರ್ ಇರಲಿ, ಒಳಗಿನ ಕ್ರಾಸ್‌ನ ಕ್ಲಿನಿಕ್ ಇರಲಿ, ಬಿಲ್ಲಿಂಗ್‌ಗೆ ಒಂದು ಸರ್ವರ್ ಇಟ್ಟುಕೊಂಡ ಯಾರಿಗಾದರೂ ಈ ಪರಿಸ್ಥಿತಿ ಬರಬಹುದು.

ಇಂಥ ಹೊತ್ತಲ್ಲಿ ಮೊದಲು ಸಿಗುವ ಸಲಹೆ 'ಫಾರ್ಮ್ಯಾಟ್ ಮಾಡ್ಸಿಬಿಡಿ' ಅಂತ. ಅದೇ ದೊಡ್ಡ ತಪ್ಪು. ಪಾಸ್‌ವರ್ಡ್ ಹೋಯ್ತು ಅಂದರೆ ಡೇಟಾ ಹೋಯ್ತು ಅಂತ ಅಲ್ಲ. ಮಷಿನ್ ನಿಮ್ಮ ಕೈಯಲ್ಲೇ ಇದ್ದರೆ ಬಹುತೇಕ ಸಂದರ್ಭದಲ್ಲಿ ಒಳಗೆ ಹೋಗುವ ದಾರಿ ಇದೆ.

ಮೊದಲು ಏನು ಮಾಡಬೇಕು?

ಸರ್ವರ್ ಆನ್ ಇದ್ದು, ಬೇರೆ ಕೌಂಟರ್‌ನಿಂದ ಫೈಲ್ ಇನ್ನೂ ತೆರೆಯುತ್ತಿದ್ದರೆ ಆಫ್ ಮಾಡಲೇಬೇಡಿ. ಮುಖ್ಯ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಅಡ್ಮಿನ್ ಅಧಿಕಾರ ಇರುವ ಇನ್ನೊಂದು ಲಾಗಿನ್ ಇದೆಯಾ ನೋಡಿ. ಇದ್ದರೆ ಅದರಿಂದಲೇ ಹಳೆಯ ಪಾಸ್‌ವರ್ಡ್ ಬದಲಾಯಿಸಬಹುದು. ಊಹೆ ಮಾಡಿ ಹತ್ತಾರು ಸಲ ಟೈಪ್ ಮಾಡಿದರೆ ಖಾತೆ ಸ್ವಲ್ಪ ಹೊತ್ತು ಲಾಕ್ ಆಗಬಹುದು, ಅದೂ ಬೇಡ.

ಯಾವ ಮಷಿನ್‌ಗೆ ಯಾವ ದಾರಿ?

ವಿಂಡೋಸ್: ಸೆಟಪ್ ಮಾಡುವಾಗ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ತಂತ್ರಜ್ಞರು ವಿಂಡೋಸ್ ಇನ್‌ಸ್ಟಾಲೇಶನ್ ಪೆನ್‌ಡ್ರೈವ್‌ನಿಂದ ಮಷಿನ್ ಶುರು ಮಾಡಿ, ರಿಕವರಿ ಭಾಗದ ಮೂಲಕ ಹೊಸ ಪಾಸ್‌ವರ್ಡ್ ಹಾಕುತ್ತಾರೆ. ಫೈಲ್‌ಗಳು ಹಾಗೇ ಉಳಿಯುತ್ತವೆ. ಆದರೆ ಆ ಲಾಗಿನ್‌ನಲ್ಲಿ ಸೇವ್ ಆಗಿದ್ದ ಬೇರೆ ಪಾಸ್‌ವರ್ಡ್‌ಗಳು ಹೋಗಬಹುದು. ವಿಂಡೋಸ್‌ನಲ್ಲೇ ಬೀಗ ಹಾಕಿ ಎನ್‌ಕ್ರಿಪ್ಟ್ ಮಾಡಿದ ಫೈಲ್ ಇದ್ದರೆ ಅವೂ ತೆರೆಯುವುದಿಲ್ಲ.

ಲಿನಕ್ಸ್: ಮಷಿನ್ ಶುರುವಾಗುವಾಗ ಬರುವ ಗ್ರಬ್ ಮೆನು ನಿಲ್ಲಿಸಿ, ಒಂದು ಸಾಲು ತಿದ್ದಿ, ಪಾಸ್‌ವರ್ಡ್ ಕೇಳದೆ ರೂಟ್ ಆಗಿ ಒಳಗೆ ಹೋಗಿ ಹೊಸದನ್ನು ಹಾಕಬಹುದು. ಗ್ರಬ್‌ಗೇ ಬೀಗ ಹಾಕಿರದಿದ್ದರೆ ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ.

ಸ್ಟೋರೇಜ್ ಪೆಟ್ಟಿಗೆ: ಸೈನಾಲಜಿಯಂಥ ನ್ಯಾಸ್ ಪೆಟ್ಟಿಗೆಯ ಹಿಂಭಾಗದಲ್ಲಿ ಸಣ್ಣ ರೀಸೆಟ್ ಬಟನ್ ಇರುತ್ತದೆ. ಸುಮಾರು 4 ಸೆಕೆಂಡ್ ಒತ್ತಿ, ಒಂದು ಬೀಪ್ ಬಂದ ತಕ್ಷಣ ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಆಗುತ್ತದೆ, ಡೇಟಾ ಅಳಿಯುವುದಿಲ್ಲ. ಬೇರೆ ಕಂಪನಿಯದಾದರೆ ಅದರ ಮ್ಯಾನುಯಲ್ ನೋಡದೆ ಬಟನ್ ಮುಟ್ಟಬೇಡಿ.

ಕ್ಲೌಡ್ ಸರ್ವರ್: ಇಲ್ಲಿ ಮಷಿನ್ ನಿಮ್ಮ ಕೈಯಲ್ಲಿರುವುದಿಲ್ಲ. ಖಾತೆ ತೆರೆಯುವಾಗ ಕೊಟ್ಟ ಇಮೇಲ್ ಮತ್ತು ಮೊಬೈಲ್ ನಂಬರೇ ಬೀಗದ ಕೈ. ಅವು ಕೆಲಸ ಬಿಟ್ಟವನದ್ದಾಗಿದ್ದರೆ ಬಿಲ್ಲು, ಪಾವತಿ ದಾಖಲೆ ಹಿಡಿದು ಕಂಪನಿಯ ಸಪೋರ್ಟ್ ಬಾಗಿಲು ತಟ್ಟಬೇಕು.

ದಾರಿಯೇ ಇಲ್ಲದ ಕಡೆ

ಮೇಲಿನ ದಾರಿಗಳೆಲ್ಲ ಬಾಗಿಲಿನ ಬೀಗಕ್ಕೆ. ಡೇಟಾವನ್ನೇ ಎನ್‌ಕ್ರಿಪ್ಟ್ ಮಾಡಿದ್ದರೆ ಎಂಥ ತಂತ್ರಜ್ಞನೂ ಏನೂ ಮಾಡಲಾರ. ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಅದು ಮೈಕ್ರೋಸಾಫ್ಟ್ ಖಾತೆಯಲ್ಲೋ, ಪ್ರಿಂಟ್ ತೆಗೆದ ಹಾಳೆಯಲ್ಲೋ, ಪೆನ್‌ಡ್ರೈವ್‌ನಲ್ಲೋ ಇರುತ್ತದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಾಗದೆಯೇ ಈ ಬೀಗ ಬಿದ್ದಿರಬಹುದು. ಇವತ್ತೇ ನೋಡಿಕೊಳ್ಳಿ.

ನಮ್ಮ ಬೆಂಗಳೂರಿನ ಕಂಪನಿಯದ್ದೇ ಆದ ಟ್ಯಾಲಿಯಲ್ಲೂ ಇದೇ ಮಾತು. ಅದರ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮರೆತರೆ ಡೇಟಾ ವಾಪಸ್ ಪಡೆಯುವ ವ್ಯವಸ್ಥೆ ಇಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. 'ಪಾಸ್‌ವರ್ಡ್ ಮರೆತೆ ಸ್ವಾಮಿ' ಅಂದರೆ ಆ ಹೊಣೆ ತಪ್ಪುವುದಿಲ್ಲ.

ಗೊತ್ತಿದ್ದೂ ಕೊಡದಿದ್ದರೆ?

2008ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತಕ್ಕೇ ಈ ಗತಿ ಬಂದಿತ್ತು. ನಗರದ ನೆಟ್‌ವರ್ಕ್‌ನ ಪಾಸ್‌ವರ್ಡ್ ಟೆರ್ರಿ ಚೈಲ್ಡ್ಸ್ ಎಂಬ ಒಬ್ಬ ಎಂಜಿನಿಯರ್‌ಗೆ ಮಾತ್ರ ಗೊತ್ತಿತ್ತು. ಮೇಲಧಿಕಾರಿಗಳಿಗೆ ಕೊಡಲು ಒಪ್ಪದೆ ಆತ ಜೈಲು ಸೇರಿದ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಖುದ್ದಾಗಿ ಜೈಲಿಗೆ ಹೋಗಿ ಪಾಸ್‌ವರ್ಡ್ ಪಡೆದರು. 2010ರಲ್ಲಿ ಆತನಿಗೆ 4 ವರ್ಷ ಶಿಕ್ಷೆಯಾಯಿತು.

ನಮ್ಮಲ್ಲೂ ಕಾನೂನಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವವರಿಗೆ ಕಂಪ್ಯೂಟರ್ ಪ್ರವೇಶ ತಪ್ಪಿಸುವುದು ತಪ್ಪು. ದುರುದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೊದಲು ಬರಹದಲ್ಲಿ ಕೇಳಿ, ಆಗದಿದ್ದರೆ ಪೊಲೀಸರ ಬಳಿ ಹೋಗಿ. ಇದೇ ಕಾಯ್ದೆ ನಿಮಗೂ ಅನ್ವಯಿಸುತ್ತದೆ: ನಿಮ್ಮದಲ್ಲದ ಮಷಿನ್‌ನ ಬೀಗ ತೆಗೆಸುವಂತಿಲ್ಲ.

ಮುಂದೆ ಹೀಗಾಗದಿರಲು

• ಅಡ್ಮಿನ್ ಪಾಸ್‌ವರ್ಡ್ ಮತ್ತು ರಿಕವರಿ ಕೀ ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಮನೆಯ ಬೀರುವಿನಲ್ಲಿಡಿ.
• ಎರಡನೇ ಅಡ್ಮಿನ್ ಲಾಗಿನ್ ಮಾಡಿಸಿ. ಅದು ಮಾಲೀಕರ ಹೆಸರಲ್ಲೇ ಇರಲಿ.
• ಇಮೇಲ್, ಒಟಿಪಿ ನಂಬರ್ ಅಂಗಡಿಯದ್ದೇ ಇರಲಿ.
• ಕೆಲಸಗಾರ ಬಿಡುವ ದಿನ ಕೊನೆಯ ಸಂಬಳಕ್ಕೂ ಮುಂಚೆ ಎದುರಿಗೇ ಲಾಗಿನ್ ಮಾಡಿ ನೋಡಿ, ಪಾಸ್‌ವರ್ಡ್ ಬದಲಾಯಿಸಿ.
• ಸರ್ವರ್ ಅನ್ನು ಎಸ್‌ಪಿ ರೋಡ್‌ಗೋ ಬೇರೆ ರಿಪೇರಿ ಅಂಗಡಿಗೋ ಕೊಡುವ ಮುಂಚೆ 'ಡೇಟಾ ಅಳಿಸಬಾರದು' ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.

ಅಂಗಡಿಯ ಶಟರ್ ಕೀ ಇನ್ನೊಂದು ಜೊತೆ ಮನೆಯಲ್ಲಿ ಇಟ್ಟುಕೊಳ್ಳದ ವ್ಯಾಪಾರಿ ಇಲ್ಲ. ಸರ್ವರ್ ಕೀಗೂ ಅದೇ ಪದ್ಧತಿ ಇರಲಿ.