ತಾರೆಯಲ್ಲದ ಆಟಗಾರನ ವೇತನ: ನಿಗದಿಯ ಲೆಕ್ಕಾಚಾರ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎಯಲ್ಲಿ ತಾರಾ ಆಟಗಾರನ ವೇತನ ನಿಗದಿ ಅಷ್ಟೇನೂ ಕಠಿಣವಲ್ಲ. ನಿಯಮವೇ ಅದಕ್ಕೆ ಗರಿಷ್ಠ ಮೊತ್ತವನ್ನು ಗೊತ್ತುಪಡಿಸಿದ್ದು, ತಂಡಗಳು ಅಷ್ಟನ್ನೂ ತೆರಲು ಸಿದ್ಧವಿರುತ್ತವೆ. ತಾರೆಯಲ್ಲದಿದ್ದರೂ ನಂಬಿಕೆಗೆ ಅರ್ಹನಾದ ಆಟಗಾರನಿಗೆ ಎಷ್ಟು ಕೊಡಬೇಕೆಂಬುದೇ ಆಡಳಿತ ವರ್ಗಕ್ಕೆ ನಿಜವಾದ ಸಮಸ್ಯೆ.

ಮಿತಿಯ ಲೆಕ್ಕ

ಒಕ್ಕೂಟದ ಆದಾಯವನ್ನು ಆಧರಿಸಿ ಪ್ರತಿ ಋತುವಿಗೂ ತಂಡದ ಒಟ್ಟು ವೇತನಕ್ಕೆ ಮಿತಿಯನ್ನು ನಿಗದಿಪಡಿಸಲಾಗುತ್ತದೆ. 2025-26ರಲ್ಲಿ ಅದು ಸುಮಾರು 15.46 ಕೋಟಿ ಡಾಲರ್. ಅನುಭವಕ್ಕೆ ತಕ್ಕಂತೆ ತಾರೆಯ ಒಪ್ಪಂದವು ಈ ಮಿತಿಯ ಶೇ. 25, 30 ಅಥವಾ 35ರಿಂದ ಆರಂಭವಾಗಬಹುದು. ಶೇ. 35 ಮತ್ತು ಶೇ. 30ರ ಇಬ್ಬರಿದ್ದರೆ ಅವರಿಗೇ ಸುಮಾರು 10 ಕೋಟಿ ಡಾಲರ್ ಸಲ್ಲುತ್ತದೆ. ಉಳಿದ 13 ಮಂದಿಗೆ ದೊರೆಯುವುದು 5.4 ಕೋಟಿ. ತನ್ನಲ್ಲಿರುವ ಆಟಗಾರರನ್ನು ಉಳಿಸಿಕೊಳ್ಳಲು ತಂಡವು ಮಿತಿಯನ್ನು ಮೀರಬಹುದಾದರೂ, ಒಟ್ಟು ವೇತನ ಸುಮಾರು 18.79 ಕೋಟಿ ಡಾಲರನ್ನು ದಾಟಿದರೆ ವಿಶೇಷ ತೆರಿಗೆ ತೆರಬೇಕಾಗುತ್ತದೆ.

ಎರಡು ಅಳತೆಗೋಲುಗಳು

ಅನುಭವಿ ಆಟಗಾರನೊಬ್ಬನನ್ನು ಕನಿಷ್ಠ ವೇತನಕ್ಕೆ ಸೇರಿಸಿಕೊಂಡರೆ ತಂಡದ ಲೆಕ್ಕಕ್ಕೆ ಬೀಳುವುದು ಸುಮಾರು 23 ಲಕ್ಷ ಡಾಲರ್. ಇದು ಕೆಳಗಿನ ಅಳತೆ. ಮಿತಿಯನ್ನು ಮುಟ್ಟಿದ ತಂಡಕ್ಕೂ ಹೊರಗಿನಿಂದ ಆಟಗಾರನನ್ನು ತರಲು ‘ಮಿಡ್-ಲೆವೆಲ್’ ಎಂಬ ವಿನಾಯಿತಿಯಿದೆ. 2025-26ರಲ್ಲಿ ಅದರ ಪೂರ್ಣ ಮೊತ್ತ ಸುಮಾರು 1.41 ಕೋಟಿ ಡಾಲರ್, ಅಂದರೆ ಮಿತಿಯ ಶೇ. 9. ಉತ್ತಮ ಆಟಗಾರನ ಕುರಿತ ಚೌಕಾಸಿ ಸಾಮಾನ್ಯವಾಗಿ ಈ ಅಂಕಿಯ ಆಸುಪಾಸಿನಲ್ಲೇ ನಡೆಯುತ್ತದೆ.

ಹೆಚ್ಚು ತೆತ್ತವರು, ಕೈಬಿಟ್ಟವರು

ದೂರದರ್ಶನ ಪ್ರಸಾರದ ಹೊಸ ಒಪ್ಪಂದದಿಂದಾಗಿ 2016ರಲ್ಲಿ ವೇತನ ಮಿತಿಯು 7 ಕೋಟಿಯಿಂದ 9.41 ಕೋಟಿ ಡಾಲರಿಗೆ ಜಿಗಿಯಿತು. ಕೈಯಲ್ಲಿ ಹಣವಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡವು ಟಿಮೊಫಿ ಮಾಜ್‌ಗೋವ್ ಅವರೊಂದಿಗೆ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ವಾರ್ಷಿಕ ಸರಾಸರಿಯು ಮಿತಿಯ ಶೇ. 17ರಷ್ಟಾಯಿತು. ಮರುವರ್ಷವೇ ಆ ಹೊರೆಯನ್ನು ಇಳಿಸಿಕೊಳ್ಳಲು, 2015ರಲ್ಲಿ ಎರಡನೆಯ ಆಯ್ಕೆಯಾಗಿ ಬಂದಿದ್ದ ಯುವ ಆಟಗಾರ ಡಿ’ಏಂಜಲೊ ರಸೆಲ್ ಅವರನ್ನೂ ಜೊತೆಗೆ ಬ್ರೂಕ್ಲಿನ್ ತಂಡಕ್ಕೆ ಬಿಟ್ಟುಕೊಡಬೇಕಾಯಿತು.

ಅದೇ ತಂಡ 2021ರಲ್ಲಿ ರಕ್ಷಣಾ ಆಟಕ್ಕೆ ಹೆಸರಾದ ಅಲೆಕ್ಸ್ ಕರುಸೊ ಅವರನ್ನು ಉಳಿಸಿಕೊಳ್ಳಲಿಲ್ಲ. ನಾಲ್ಕು ವರ್ಷಕ್ಕೆ 3.7 ಕೋಟಿ ಡಾಲರಿಗೆ ಅವರು ಷಿಕಾಗೊ ಸೇರಿದರು. 2023ರಲ್ಲಿ ಒಕ್ಕೂಟದ ಶ್ರೇಷ್ಠ ರಕ್ಷಕರ ಪಟ್ಟಿಗೆ ಸೇರಿದರು. 2024ರಲ್ಲಿ ಒಕ್ಲಹೋಮ ಸಿಟಿ ತಂಡವು ಅವರನ್ನು ಪಡೆದು, ನಾಲ್ಕು ವರ್ಷಕ್ಕೆ 8.1 ಕೋಟಿ ಡಾಲರಿಗೆ ಒಪ್ಪಂದವನ್ನು ಮುಂದುವರಿಸಿತು. ಇದರ ವಾರ್ಷಿಕ ಸರಾಸರಿ 2025-26ರ ಮಿತಿಯ ಸುಮಾರು ಶೇ. 13. ಆ ತಂಡ 2025ರಲ್ಲಿ ಪ್ರಶಸ್ತಿ ಗೆದ್ದಿತು.

ಸಾರಾಂಶ

ನಂಬಿಕಸ್ಥ ಆಟಗಾರನಿಗೆ ವೇತನ ಮಿತಿಯ ಶೇ. 9ರಿಂದ 13ರವರೆಗೆ ತೆರುವುದು ನ್ಯಾಯವೆಂದು ಈ ಲೆಕ್ಕದಿಂದ ತಿಳಿಯಬಹುದು. ಅದನ್ನು ಮೀರುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಆತ ಹೋದರೆ ಅದೇ ಕೆಲಸಕ್ಕೆ ಇನ್ನೊಬ್ಬನು ಯಾವ ಬೆಲೆಗೆ ದೊರೆಯುತ್ತಾನೆ? ಒಪ್ಪಂದದ ಕೊನೆಯ ವರ್ಷದಲ್ಲಿಯೂ ಆತ ಅಷ್ಟು ಬಾಳುತ್ತಾನೆಯೇ? ಸಂಸ್ಥೆಯ ಹಳೆಯ ಮೇಸ್ತ್ರಿಗೋ ಲೆಕ್ಕಿಗನಿಗೋ ಸಂಬಳ ಗೊತ್ತುಮಾಡುವ ಉದ್ಯಮಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ಕೈಯಲ್ಲಿ ಹಣವಿದೆಯೆಂಬ ಒಂದೇ ಕಾರಣಕ್ಕೆ ಸಂಬಳ ಏರಿಸುವುದೂ, ಸದ್ದಿಲ್ಲದೆ ದುಡಿಯುವವನನ್ನು ಅಲ್ಪ ಉಳಿತಾಯಕ್ಕಾಗಿ ಕಳೆದುಕೊಳ್ಳುವುದೂ ಸಮಾನವಾಗಿ ನಷ್ಟವನ್ನೇ ತರುತ್ತವೆ.