ಕಾರು ಒಂದು ಕಡೆ ಎಳೆದರೆ ತಪ್ಪೆಲ್ಲ ಅಲೈನ್‌ಮೆಂಟಿನದಲ್ಲ

ಪುಣೆಯ ಯೆರವಡಾದಲ್ಲಿ ಗುಂಜನ್ ಚೌಕದ ಸಿಗ್ನಲ್‌ಗಳ ನಡುವೆ ತೆವಳುವಾಗ ಕಾರಿನ ಎಳೆತ ಅಷ್ಟಾಗಿ ತಿಳಿಯುವುದಿಲ್ಲ. ಹಬ್ಬಕ್ಕೆಂದು ಸೊಲ್ಲಾಪುರದ ಮೇಲೆ ವಿಜಯಪುರ, ಕಲಬುರಗಿಗೋ, ಕೊಲ್ಹಾಪುರದ ಮೇಲೆ ಬೆಳಗಾವಿಗೋ ಹೊರಟಾಗ ಅದು ಬಯಲಾಗುತ್ತದೆ. ಹೆದ್ದಾರಿಯಲ್ಲಿ ವೇಗ 80 ಮುಟ್ಟಿದರೆ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಸ್ಟೇರಿಂಗನ್ನು ಗಂಟೆಗಟ್ಟಲೆ ಒಂದೇ ಕಡೆಗೆ ಒತ್ತಿ ಹಿಡಿಯಬೇಕಾದ ಚಾಲಕರು ಬೇಗ ದಣಿಯುತ್ತಾರೆ. ದಣಿದ ಕೈಗೆ ಹಠಾತ್ ಅಪಾಯ ಎದುರಿಸುವುದು ಕಷ್ಟ.

ಇಂಥ ದೂರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ‘ಅಲೈನ್‌ಮೆಂಟ್ ಮಾಡಿಸಿ.’ ಆದರೆ ಎಳೆತಕ್ಕೆ ಕಾರಣಗಳು ಹಲವು. ಕಾರು ಸದಾ ಎಳೆಯುತ್ತದೆಯೇ, ಬ್ರೇಕ್ ಒತ್ತಿದಾಗ ಮಾತ್ರವೇ, ಆಕ್ಸಿಲರೇಟರ್ ಒತ್ತಿದಾಗ ಮಾತ್ರವೇ ಎಂಬುದನ್ನು ಗಮನಿಸಿದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಹಣ ತೆರುವ ಮೊದಲು ಬಿಡಬೇಕಾದ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಕೈ ಸಡಿಲಿಸಿದೊಡನೆ ಕಾರು ಎಡಕ್ಕೆ ವಾಲಿದರೆ ಅದರಲ್ಲಿ ದೋಷವಿದೆ

ಸತ್ಯ: ರಸ್ತೆಯೇ ಎಡಕ್ಕೆ ಇಳಿಜಾರಾಗಿರಬಹುದು. ಮಳೆನೀರು ನಿಲ್ಲದೆ ಹರಿದು ಹೋಗಲೆಂದು ಡಾಂಬರು ರಸ್ತೆಗೆ ಅಂಚಿನ ಕಡೆಗೆ ಸುಮಾರು ಶೇ 2ರಷ್ಟು ಇಳಿಜಾರು ಕೊಡುತ್ತಾರೆ. ಮೂರೂವರೆ ಮೀಟರ್ ಅಗಲದ ಒಂದು ಲೇನ್ ಆ ಲೆಕ್ಕದಲ್ಲಿ 7 ಸೆಂಟಿಮೀಟರ್ ಇಳಿಯುತ್ತದೆ. ನಾವು ಎಡಬದಿಯಲ್ಲಿ ಓಡಿಸುವವರಾದ್ದರಿಂದ ಸರಿಯಾಗಿರುವ ಕಾರೂ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ನಗರ ರಸ್ತೆಯಂಥ ವಿಭಜಕವಿರುವ ರಸ್ತೆಗಳಲ್ಲಿ ಸಾಮಾನ್ಯವಾಗಿ ಎಲ್ಲ ಲೇನ್‌ಗಳೂ ಹೊರಅಂಚಿಗೇ ಇಳಿಯುವುದರಿಂದ ಲೇನ್ ಬದಲಿಸಿದರೂ ಫಲಿತಾಂಶ ಅದೇ.

ಪರೀಕ್ಷೆಗೆ ಸಮತಟ್ಟಾದ, ಖಾಲಿಯಾದ ಜಾಗ ಬೇಕು. ಅಲ್ಲಿ ನಿಧಾನವಾಗಿ ಓಡಿಸಿ, ಸ್ಟೇರಿಂಗನ್ನು ಬಿಡದೆ ಹಿಡಿತವನ್ನಷ್ಟೇ ಸಡಿಲಿಸಿ. ನಂತರ ಅದೇ ಜಾಗದಲ್ಲಿ ಎದುರು ದಿಕ್ಕಿಗೆ ಓಡಿಸಿ. ಎರಡೂ ಸಲ ಕಾರು ತನ್ನ ಎಡಕ್ಕೇ ಹೋದರೆ ದೋಷ ಕಾರಿನದು. ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ಹೋದರೆ ನೆಲದ್ದು. ಕಾರು ಬಲಕ್ಕೆ, ಅಂದರೆ ಇಳಿಜಾರಿಗೆ ವಿರುದ್ಧವಾಗಿ ಎಳೆಯುತ್ತಿದ್ದರೆ ಅದನ್ನು ರಸ್ತೆಯ ಮೇಲೆ ಹೊರಿಸುವಂತಿಲ್ಲ.

ತಪ್ಪು ಕಲ್ಪನೆ 2: ಟೈರ್ ನೋಡಲು ಚೆನ್ನಾಗಿದ್ದರೆ ಗಾಳಿ ಸರಿಯಾಗಿದೆ

ಸತ್ಯ: ರೇಡಿಯಲ್ ಟೈರಿನಲ್ಲಿ ಗಾಳಿ ಸಾಕಷ್ಟು ಇಳಿದಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಮುಂದಿನ ಎರಡು ಟೈರ್‌ಗಳ ಗಾಳಿಯಲ್ಲಿ ವ್ಯತ್ಯಾಸವಿದ್ದರೆ ಕಾರು ಗಾಳಿ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಬೆಳಿಗ್ಗೆ ಕಾರು ಹೊರಡುವ ಮೊದಲೇ, ಟೈರ್ ತಣ್ಣಗಿರುವಾಗ ಅಳೆಯಬೇಕು. ಒಳಗಿನ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಒಂದು ಬದಿ ಬಿಸಿಲಿಗೆ, ಇನ್ನೊಂದು ನೆರಳಿಗೆ ನಿಂತ ಕಾರಿನಲ್ಲಿ ಅಳತೆ ದಾರಿ ತಪ್ಪಿಸುತ್ತದೆ. ಎಷ್ಟು ಗಾಳಿ ಬೇಕೆಂಬುದು ಬಹುತೇಕ ಕಾರುಗಳಲ್ಲಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ನೈಟ್ರೋಜನ್ ತುಂಬಿಸಿದರೆ ಎಳೆತ ಹೋಗುತ್ತದೆ ಎಂಬುದೂ ನಿಜವಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಎಳೆತ ನಿಲ್ಲಬೇಕಾದರೆ ಎರಡೂ ಬದಿಯ ಒತ್ತಡ ಸಮನಾಗಬೇಕು.

ತಪ್ಪು ಕಲ್ಪನೆ 3: ಹೊಸ ಟೈರ್ ಹಾಕಿಸಿದ ಮೇಲೆ ಟೈರಿನ ದೋಷ ಇರಲು ಸಾಧ್ಯವಿಲ್ಲ

ಸತ್ಯ: ಹೊಸ ಟೈರ್ ಹಾಕಿಸಿದ ದಿನವೇ ಎಳೆತ ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಟೈರನ್ನೇ. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ತಯಾರಿಕೆಯಲ್ಲಿ ಅವು ನಡುವಿನಿಂದ ಸ್ವಲ್ಪ ಸರಿದು ಕೂತರೆ ಟೈರಿನ ಒಂದು ಅಂಚು ಬಿಗಿ, ಇನ್ನೊಂದು ಸಡಿಲವಾಗುತ್ತದೆ. ಬಾಯಿ ಅಗಲ, ಬುಡ ಕಿರಿದಾದ ಲೋಟವನ್ನು ನೆಲದ ಮೇಲೆ ಉರುಳಿಸಿದರೆ ಅದು ನೇರ ಹೋಗದೆ ಬುಡದ ಕಡೆಗೆ ತಿರುಗುತ್ತದಲ್ಲ, ಇಂಥ ಟೈರೂ ಹಾಗೆಯೇ ಒಂದು ಕಡೆಗೆ ತಿರುಗಲು ನೋಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು.

ಇದನ್ನು ಪತ್ತೆಹಚ್ಚುವ ದಾರಿ ಸರಳ. ಗಾಳಿ ಸರಿಪಡಿಸಿ, ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿಸಿ ಓಡಿಸಿ. ಎಡಕ್ಕಿದ್ದ ಎಳೆತ ಬಲಕ್ಕೆ ಹೋದರೆ, ಇಲ್ಲವೇ ನಿಂತೇ ಹೋದರೆ, ಟೈರೇ ಕಾರಣ. ಏನೂ ಬದಲಾಗದಿದ್ದರೆ ಟೈರನ್ನು ಬಿಟ್ಟು ಮುಂದೆ ಹುಡುಕಿ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರ್‌ಗಳನ್ನು ಮಾತ್ರ ಹೀಗೆ ನೇರವಾಗಿ ಬದಲಿಸಬಾರದು. ಅವನ್ನು ರಿಮ್ಮಿನಿಂದ ಬಿಚ್ಚಿ ತಿರುಗಿಸಿ ಹಾಕಬೇಕಾಗುತ್ತದೆ, ಹಾಗೆ ಹಾಕಿದರೆ ಎಳೆತದ ದಿಕ್ಕು ಬದಲಾಗದ ಕಾರಣ ಈ ಪರೀಕ್ಷೆ ಅವಕ್ಕೆ ನಡೆಯದು.

ತಪ್ಪು ಕಲ್ಪನೆ 4: ಅಲೈನ್‌ಮೆಂಟ್ ಮಾಡಿಸಿದರೆ ಎಳೆತ ಹೋಗಲೇಬೇಕು

ಸತ್ಯ: ಅಲೈನ್‌ಮೆಂಟ್ ಯಂತ್ರ ಮುಖ್ಯವಾಗಿ ಮೂರು ಕೋನಗಳನ್ನು ಅಳೆಯುತ್ತದೆ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದು ಟೋ. ಮುಂದಿನಿಂದ ನೋಡಿದಾಗ ಚಕ್ರದ ತಲೆ ವಾಲಿರುವುದು ಕ್ಯಾಂಬರ್. ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಚಕ್ರಗಳಲ್ಲಿ ಹೊಂದಿಸಲು ಅವಕಾಶವಿರುವುದು ಟೋಗೆ ಮಾತ್ರ. ಮುಂದಿನ ಟೋ ಕೆಟ್ಟರೆ ಟೈರ್ ಬೇಗ ಸವೆಯುತ್ತದೆ, ಆದರೆ ಅದೊಂದರಿಂದಲೇ ಕಾರು ಎಳೆಯುವುದು ಅಪರೂಪ. ಎರಡೂ ಚಕ್ರಗಳು ಸ್ಟೇರಿಂಗ್ ರಾಡಿನಿಂದ ಜೋಡಿಸಲ್ಪಟ್ಟಿರುವುದರಿಂದ ಓಡುವಾಗ ವ್ಯತ್ಯಾಸವನ್ನು ಹಂಚಿಕೊಳ್ಳುತ್ತವೆ.

ಎಳೆಯುವುದು ಎಡಬಲಗಳ ಕ್ಯಾಂಬರ್, ಕ್ಯಾಸ್ಟರ್‌ಗಳ ನಡುವಿನ ವ್ಯತ್ಯಾಸ. ತಲೆ ಹೆಚ್ಚು ಹೊರಕ್ಕೆ ವಾಲಿದ ಚಕ್ರದ ಕಡೆಗೆ ಅಥವಾ ಕ್ಯಾಸ್ಟರ್ ಕಡಿಮೆಯಾದ ಕಡೆಗೆ ಕಾರು ಹೋಗುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಎಡಚಕ್ರ ಬಡಿಯಿತೆನ್ನಿ. ಸಸ್ಪೆನ್ಷನ್ನಿನ ಕೆಳಗಿನ ಆರ್ಮ್ ಬಗ್ಗಿ ಚಕ್ರ ತುಸು ಹಿಂದೆ ಸರಿದರೆ ಆ ಬದಿಯ ಕ್ಯಾಸ್ಟರ್ ಇಳಿದು ಕಾರು ಎಡಕ್ಕೆ ಎಳೆಯತೊಡಗುತ್ತದೆ. ಬಗ್ಗಿದ ಭಾಗ ಬದಲಿಸದೆ ಎಷ್ಟು ಸಲ ಟೋ ಹೊಂದಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಅಲೈನ್‌ಮೆಂಟ್ ಆದಮೇಲೆ ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಅದರಲ್ಲಿ ಎಡಬಲಗಳ ಕ್ಯಾಂಬರ್, ಕ್ಯಾಸ್ಟರ್ ಅಂಕಿಗಳನ್ನು ಹೋಲಿಸಿ. ವ್ಯತ್ಯಾಸ ಅರ್ಧ ಡಿಗ್ರಿ ಮೀರಿದ್ದರೆ ಆರ್ಮ್, ಬುಷ್, ಸ್ಟ್ರಟ್‌ಗಳನ್ನು ಪರೀಕ್ಷಿಸಲು ಹೇಳಿ.

ತಪ್ಪು ಕಲ್ಪನೆ 5: ಬ್ರೇಕ್ ಒತ್ತಿದಾಗ ಎಳೆಯುವುದೂ ಅಲೈನ್‌ಮೆಂಟಿನ ತೊಂದರೆಯೇ

ಸತ್ಯ: ಇದು ಅಪಾಯಕಾರಿಯಾದ ತಪ್ಪು. ಸುಮ್ಮನೆ ಓಡುವಾಗ ನೇರ ಹೋಗುವ ಕಾರು ಬ್ರೇಕ್ ಒತ್ತಿದೊಡನೆ ಒಂದು ಕಡೆ ತಿರುಗಿದರೆ ಮೊದಲು ಬ್ರೇಕ್ ಬಿಚ್ಚಿ ನೋಡಬೇಕು. ಕಾರು ಬ್ರೇಕ್ ಚೆನ್ನಾಗಿ ಹಿಡಿಯುವ ಕಡೆಗೆ ತಿರುಗುತ್ತದೆ. ಬಲಕ್ಕೆ ಎಳೆದರೆ ಬಲಗಡೆಯೇ ಕೆಟ್ಟಿದೆ ಎಂದುಕೊಳ್ಳಬೇಡಿ. ಎಡಗಡೆಯ ಕ್ಯಾಲಿಪರ್ ತುಕ್ಕು ಹಿಡಿದು ಕೆಲಸ ನಿಲ್ಲಿಸಿರಬಹುದು, ಪ್ಯಾಡಿಗೆ ಎಣ್ಣೆ ತಗುಲಿರಬಹುದು.

ಒತ್ತಿದ ಬ್ರೇಕ್ ಬಿಟ್ಟ ಮೇಲೂ ಒಂದು ಬದಿಯಲ್ಲಿ ಪೂರ್ತಿ ಬಿಡದೆ ಉಜ್ಜುತ್ತಿದ್ದರೆ ಕಾರು ಸದಾ ಆ ಕಡೆಗೆ ಎಳೆಯುತ್ತದೆ. ಹೆಚ್ಚು ಬ್ರೇಕ್ ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಕಾರುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಆ ಕಾರನ್ನು ಹೆದ್ದಾರಿಗೆ ಒಯ್ಯಬಾರದು. ಖಂಬಾಟಕಿಯಂಥ ಘಾಟಿಯಲ್ಲಿ ಇಂಥ ಬ್ರೇಕ್ ನಂಬಿ ಇಳಿಯುವುದು ಜೀವದೊಡನೆ ಆಡಿದಂತೆ.

ತಪ್ಪು ಕಲ್ಪನೆ 6: ನಡುಕ, ಸೊಟ್ಟ ಸ್ಟೇರಿಂಗ್, ಎಳೆತ ಎಲ್ಲ ಒಂದೇ

ಸತ್ಯ: 80–100ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ವ್ಹೀಲ್ ಬ್ಯಾಲೆನ್ಸಿಂಗ್ ನೋಡಬೇಕು, ಬ್ಯಾಲೆನ್ಸಿಂಗ್‌ನಿಂದ ಎಳೆತ ಹೋಗುವುದಿಲ್ಲ. ಕಾರು ನೇರ ಹೋಗುತ್ತಿದ್ದು ಸ್ಟೇರಿಂಗ್ ಮಾತ್ರ ಸೊಟ್ಟಗಿದ್ದರೆ ಅದು ಟೋ ಹೊಂದಾಣಿಕೆಯ ಕೆಲಸ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಹೋದರೆ ಸವೆದ ಬುಷ್‌ಗಳನ್ನು ಅನುಮಾನಿಸಿ. ಎಡಕ್ಕೆ ತಿರುಗಿದ ಮೇಲೆ ಎಡಕ್ಕೆ, ಬಲಕ್ಕೆ ತಿರುಗಿದ ಮೇಲೆ ಬಲಕ್ಕೆ ಎಳೆಯುತ್ತಿದ್ದರೆ ಸ್ಟ್ರಟ್ಟಿನ ಮೇಲಿನ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಬಿಗಿಯಾಗಿರಬಹುದು.

ಮೆಕ್ಯಾನಿಕ್ ಬಳಿ ಹೋಗುವ ಮುನ್ನ

ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಖರ್ಚಿನವು ಆಮೇಲೆ. ಗಾಳಿ ಅಳೆಯಿರಿ, ಸಮತಟ್ಟು ನೆಲದಲ್ಲಿ ಓಡಿಸಿ, ಚಕ್ರಗಳ ಬಿಸಿ ನೋಡಿ, ಮುಂದಿನ ಟೈರ್ ಅದಲುಬದಲು ಮಾಡಿಸಿ. ಇಷ್ಟಾದ ಮೇಲೆ ಸಸ್ಪೆನ್ಷನ್ ತಪಾಸಣೆ, ಕೊನೆಗೆ ಅಲೈನ್‌ಮೆಂಟ್. ಸವೆದ ಅಥವಾ ಬಗ್ಗಿದ ಭಾಗ ಉಳಿದಿರುವಾಗ ಹೊಂದಿಸಿದ ಅಲೈನ್‌ಮೆಂಟ್ ಹೆಚ್ಚು ದಿನ ನಿಲ್ಲುವುದಿಲ್ಲ. ‘ಗಾಡಿ ಎಳೀತದೆ’ ಎಂದಷ್ಟೇ ಹೇಳುವ ಬದಲು ಯಾವ ಕಡೆಗೆ, ಯಾವಾಗ, ಯಾವ ಕೆಲಸ ಮಾಡಿಸಿದ ಮೇಲೆ ಅಥವಾ ಯಾವ ಹೊಡೆತ ಬಿದ್ದ ಮೇಲೆ ಎಂದು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಎಲ್ಲಿಂದ ಹುಡುಕಬೇಕೆಂದು ತಿಳಿಯುತ್ತದೆ, ನಿಮಗೆ ಬೇಡದ ಕೆಲಸದ ಖರ್ಚು ಉಳಿಯುತ್ತದೆ.