ವಾಟ್ಸಾಪಲ್ಲಿ ಬಂದ ಕೋಡ್ ಯಾಕೆ ಓಡಲ್ಲ?

ಮಿನಿ ಪ್ರಾಜೆಕ್ಟ್ ರಿವ್ಯೂನ ಹಿಂದಿನ ದಿನ ಸಂಜೆ. ನಮ್ಮದು ನಾಲ್ಕು ಜನರ ಟೀಮು. ಜಿಲ್ಲಾವಾರು ಮಳೆ ಲೆಕ್ಕವನ್ನು ಸಿಎಸ್‌ವಿ ಫೈಲಿನಿಂದ ಓದಿ ಗ್ರಾಫ್ ಬರೆಯುವ ಸಣ್ಣ ಪೈಥಾನ್ ಪ್ರೋಗ್ರಾಂ. ಹಾಸ್ಟೆಲಲ್ಲಿ ಕೂತು ಬರೆದ ಕ್ಲಾಸನ್ನು ಒಬ್ಬ ಗ್ರೂಪಿಗೆ ಹಾಕಿದ. ಲ್ಯಾಬಿನ ಕಂಪ್ಯೂಟರಲ್ಲಿ ವಾಟ್ಸಾಪ್ ತೆರೆಯುವುದಿಲ್ಲ, ಹಾಗಾಗಿ ಇನ್ನೊಬ್ಬಳು ಫೋನ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ನೋಡಿ ಟೈಪ್ ಮಾಡಿದಳು. ರನ್ ಕೊಟ್ಟರೆ ಟೈಪ್ ಎರರ್: ಈ ಕ್ಲಾಸು ಯಾವ ಆರ್ಗ್ಯುಮೆಂಟನ್ನೂ ತೆಗೆದುಕೊಳ್ಳಲ್ಲ ಅಂತ.

“ಲೋ, ನಿನ್ನ ಕೋಡ್ ಓಡ್ತಿಲ್ಲ ಕಣೋ.”

“ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆಯಲ್ಲೇ!”

ಎರಡು ಗಂಟೆ ಹೋಯ್ತು. ಆಮೇಲೆ ಗೊತ್ತಾಯ್ತು, ಇಬ್ಬರದ್ದೂ ತಪ್ಪಿಲ್ಲ. ಪೈಥಾನ್‌ನಲ್ಲಿ ಕ್ಲಾಸಿನ ಆರಂಭದ ಫಂಕ್ಷನ್ನಿಗೆ ‘ಇನಿಟ್’ ಅನ್ನೋ ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಇರಬೇಕು. ವಾಟ್ಸಾಪಿಗೆ ಅಂಡರ್‌ಸ್ಕೋರ್ ಅಂದರೆ ಅಕ್ಷರವನ್ನು ಓರೆ ಮಾಡುವ ಗುರುತು. ಅದು ಒಂದು ಜೋಡಿಯನ್ನು ನುಂಗಿ, ಉಳಿದದ್ದನ್ನು ಓರೆಯಾಗಿ ತೋರಿಸಿತು. ಅವಳು ಕಂಡದ್ದನ್ನೇ ಬರೆದಳು. ಒಂದೊಂದೇ ಅಂಡರ್‌ಸ್ಕೋರ್ ಇರುವ ಫಂಕ್ಷನ್ ಪೈಥಾನ್ ಪಾಲಿಗೆ ಇನ್ಯಾವುದೋ ಮಾಮೂಲು ಫಂಕ್ಷನ್, ಆಬ್ಜೆಕ್ಟ್ ಹುಟ್ಟುವಾಗ ಅದನ್ನು ಕರೆಯೋದೇ ಇಲ್ಲ. ಸ್ಟಾರ್ ಗುರುತಿಗೂ, ಅಲೆಯಂಥ ಟಿಲ್ಡ್ ಗುರುತಿಗೂ ಇದೇ ಗತಿ: ಒಂದು ಬೋಲ್ಡ್ ಮಾಡುತ್ತದೆ, ಇನ್ನೊಂದು ಗೀಟು ಹೊಡೆಯುತ್ತದೆ.

ಇದಕ್ಕೆ ಪರಿಹಾರ ಕೀಬೋರ್ಡಿನ ಎಡಮೂಲೆಯಲ್ಲೇ ಇದೆ. ಎಸ್ಕೇಪ್ ಕೀ ಕೆಳಗಿನ ಬ್ಯಾಕ್‌ಟಿಕ್ಕನ್ನು ಕೋಡಿನ ಮುಂಚೆ ಮೂರು, ಆಮೇಲೆ ಮೂರು ಹಾಕಿದರೆ ಒಳಗಿರುವುದನ್ನು ಇದ್ದ ಹಾಗೇ ತೋರಿಸು ಅಂತ ಹೇಳಿದಂತೆ. ಸ್ಲ್ಯಾಕ್, ಡಿಸ್ಕಾರ್ಡ್‌ನಲ್ಲೂ ಇದೇ ನಡೆಯುತ್ತದೆ. ಇನ್ನೂ ಒಳ್ಳೆಯದು, ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸುವುದು. ಸ್ಕ್ರೀನಿನ ಫೋಟೋ ಹೊಡೆದು ಕಳಿಸುವವರ ಬಗ್ಗೆ ಏನು ಹೇಳೋಣ! ಒಂದು ಯಾವುದು ಎಲ್ ಯಾವುದು, ಸೊನ್ನೆ ಯಾವುದು ಓ ಯಾವುದು ಅಂತ ಓದುವವರ ಕಣ್ಣು ಬತ್ತಬೇಕು.

ಎರಡನೇ ಕಾಟ ಕೋಟ್ ಗುರುತಿನದು. ಲ್ಯಾಬ್ ರೆಕಾರ್ಡಿಗೆ ಅಂತ ಕೋಡನ್ನು ವರ್ಡ್‌ನಲ್ಲಿ ಟೈಪ್ ಮಾಡಿ, ಅಲ್ಲಿಂದ ಎತ್ತಿ ಕಂಪೈಲರಿಗೆ ಹಾಕಿದವರಿಗೆಲ್ಲ ಇದು ಗೊತ್ತು. ನಾವು ಒತ್ತುವ ನೇರ ಕೋಟ್‌ನ ಸಂಖ್ಯೆ 34. ವರ್ಡ್ ಅದನ್ನು ಚಂದ ಕಾಣಲಿ ಅಂತ ಬಾಗಿದ ಕೋಟ್ ಮಾಡುತ್ತದೆ. ಯೂನಿಕೋಡ್‌ನಲ್ಲಿ ಅವು 8220 ಮತ್ತು 8221. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪೈಲರಿಗೆ ಸಂಬಂಧವೇ ಇಲ್ಲದ ಅಕ್ಷರಗಳು. ಹಳೆಯ ಜಿಸಿಸಿಯಲ್ಲಿ ಸಿ ಪ್ರೋಗ್ರಾಂ ಕಂಪೈಲ್ ಮಾಡಿದಾಗ ‘ಸ್ಟ್ರೇ 342’, ‘ಸ್ಟ್ರೇ 200’, ‘ಸ್ಟ್ರೇ 234’ ಅಂತ ಒಂದೇ ಕೋಟಿಗೆ ಮೂರು ಎರರ್ ಬರುತ್ತಿದ್ದುದು ಇದಕ್ಕೇ. ಆ ಬಾಗಿದ ಕೋಟ್ ಯುಟಿಎಫ್-8ರಲ್ಲಿ ಮೂರು ಬೈಟ್, ಆ ಸಂಖ್ಯೆಗಳು ಆ ಬೈಟುಗಳ ಆಕ್ಟಲ್ ರೂಪ. ಇಷ್ಟು ತಿಳಿದರೆ ಎರರ್ ನೋಡಿ ಹೆದರೋ ಬದಲು ಫೈಂಡ್-ರಿಪ್ಲೇಸ್ ಮಾಡಿ ಮುಂದೆ ಹೋಗಬಹುದು.

ಕನ್ನಡದವರಾದ ನಮಗೆ ಇನ್ನೊಂದು ವಿಶೇಷ ಉಡುಗೊರೆ ಇದೆ. ನಮ್ಮ ಸಿಎಸ್‌ವಿಯಲ್ಲಿ ಜಿಲ್ಲೆಗಳ ಹೆಸರು ಕನ್ನಡದಲ್ಲಿತ್ತು. ಎಲ್ಲ ಜಿಲ್ಲೆಗೂ ಗ್ರಾಫ್ ಬಂತು, ಬೀದರ್‌ಗೆ ಮಾತ್ರ ಖಾಲಿ. ಹೋಲಿಸುವ ಸಾಲಿನಲ್ಲಿ ‘ಬೀದರ್’ ಅಂತಲೇ ಇದೆ, ಫೈಲಿನಲ್ಲೂ ‘ಬೀದರ್’ ಅಂತಲೇ ಇದೆ, ಆದರೆ ಎರಡೂ ಒಂದೇ ಅಲ್ಲ ಅನ್ನುತ್ತೆ ಪೈಥಾನ್. ಉದ್ದ ಅಳೆದಾಗ ಒಂದು 5, ಇನ್ನೊಂದು 6. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿತ್ತು: ಝೀರೋ ವಿಡ್ತ್ ನಾನ್ ಜಾಯ್ನರ್, ಸಂಖ್ಯೆ 8204. ಮುಂದಿನ ಅಕ್ಷರ ಅರ್ಧಾಕ್ಷರದ ಒತ್ತಾಗಿ ಹೋಗದಿರಲಿ ಅಂತ ನಾವು ‘ಲ್ಯಾಪ್‌ಟಾಪ್’ ಥರದ ಪದಗಳ ನಡುವೆ ಹಾಕುವುದು ಇದನ್ನೇ. ಪದದ ಕೊನೆಯಲ್ಲಿ ಅದು ಬಂದರೆ ರೂಪ ಬದಲಾಗಲ್ಲ, ಹಾಗಾಗಿ ಯಾರಿಗೂ ತಿಳಿಯಲ್ಲ. ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಫಂಕ್ಷನ್ನಿಗೂ ಇದು ಸಿಗಲ್ಲ, ಯಾಕಂದ್ರೆ ಲೆಕ್ಕದಲ್ಲಿ ಇದು ಖಾಲಿ ಜಾಗವಲ್ಲ. ಹೆಸರನ್ನು ಒಂದು ಲಿಸ್ಟಿನೊಳಗೆ ಹಾಕಿ ಪ್ರಿಂಟ್ ಮಾಡಿದರೆ ಬಾಲ ಹೊರಗೆ ಬರುತ್ತೆ.

ಕೋಡ್ ಸರಿಯಾಗಿ ತಲುಪಿದರೂ ಓಡದೆ ಇರಬಹುದು, ನಮಗೆ ನಿಜವಾಗಿ ಬೆವರಿಳಿಸಿದ್ದು ಅದೇ. ಸೀನಿಯರ್ ಒಬ್ಬರು 2021ರ ನೋಟ್ಸ್ ಕೊಟ್ಟಿದ್ದರು. ಪ್ಯಾಂಡಾಸ್‌ನಲ್ಲಿ ಟೇಬಲ್ಲಿಗೆ ಹೊಸ ಸಾಲು ಸೇರಿಸೋಕೆ ‘ಅಪೆಂಡ್’ ಬಳಸಿ ಅಂತ ಅಚ್ಚುಕಟ್ಟಾಗಿ ಬರೆದಿದ್ದರು. ನಾವು ಹಾಗೇ ಮಾಡಿದರೆ, ಡೇಟಾಫ್ರೇಮಿಗೆ ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಉತ್ತರ. ಅವರು ಸುಳ್ಳು ಬರೆದಿರಲಿಲ್ಲ. 2023ರಲ್ಲಿ ಬಂದ ಪ್ಯಾಂಡಾಸ್ 2.0ರಲ್ಲಿ ಅದನ್ನು ತೆಗೆದುಹಾಕಿದ್ದರು, ಈಗ ‘ಕಾನ್‌ಕ್ಯಾಟ್’ ಬಳಸಬೇಕು. ನೋಟ್ಸಿನ ತಲೆಯ ಮೇಲೆ ಪ್ಯಾಂಡಾಸ್ ಯಾವ ವರ್ಷನ್ ಅಂತ ಒಂದು ಸಾಲು ಇದ್ದಿದ್ದರೆ ನಮಗೆ ಐದು ನಿಮಿಷದ ಕೆಲಸ. ಅದಿಲ್ಲದೆ ನಾವು ಪೈಥಾನನ್ನೇ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ್ವಿ, ಅದೂ ಎರಡು ಸಲ.

ಹಾಗಾಗಿ ಕೋಡಿನ ಜೊತೆ ಏನು ಬರೀಬೇಕು ಅಂತ ಕೇಳಿದರೆ ನಮ್ಮ ಉತ್ತರ: ವರ್ಷನ್, ಯಾವ ಇನ್‌ಪುಟ್ ಕೊಟ್ಟಾಗ ಓಡಿತು, ಮತ್ತು ಯಾಕೆ ಹೀಗೆ ಬರೆದಿರಿ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ‘ಈ ಸಾಲು ಲೂಪ್ ನಡೆಸುತ್ತದೆ’ ಅನ್ನೋ ಕಾಮೆಂಟ್ ಯಾರಿಗೂ ಬೇಡ, ಅದು ಕೋಡಲ್ಲೇ ಕಾಣುತ್ತೆ. ಸ್ಟ್ಯಾಕ್ ಓವರ್‌ಫ್ಲೋನಿಂದ ತಂದ ಕೋಡಾದರೆ ಅದರ ಲಿಂಕನ್ನೂ ಕಾಮೆಂಟಲ್ಲಿ ಹಾಕಿ. ಅಲ್ಲಿನ ಬರಹಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ, ಬರೆದವರ ಹೆಸರು ಹೇಳಬೇಕು ಅನ್ನುವುದು ಅದರ ಷರತ್ತು. ಸಹಾಯ ಕೇಳುವಾಗಲೂ ಅಷ್ಟೇ: ‘ಎರರ್ ಬರ್ತಿದೆ’ ಅಂದರೆ ಸಾಲದು. ಪೈಥಾನ್ ಎರರಿನಲ್ಲಿ ಅಸಲು ಕಾರಣ ಇರೋದು ಕೊನೆಯ ಸಾಲಿನಲ್ಲಿ, ಅದನ್ನು ಇದ್ದ ಹಾಗೇ ಕಾಪಿ ಮಾಡಿ ಕಳಿಸಿ.

ಕಳಿಸೋ ಮುಂಚೆ ಪಾಸ್‌ವರ್ಡ್, ಎಪಿಐ ಕೀ ಉಳಿದಿದೆಯಾ ನೋಡಿ. ಗಿಟ್‌ಗೆ ಕಮಿಟ್ ಮಾಡಿಬಿಟ್ಟು ಮರುದಿನ ಅಳಿಸಿದರೆ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತೆ. ಆ ಕೀಯನ್ನೇ ರದ್ದು ಮಾಡಿ ಹೊಸದು ತಗೋಬೇಕು. ಗಿಟ್‌ಹಬ್ ಗಿಸ್ಟ್‌ನಲ್ಲಿ ‘ಸೀಕ್ರೆಟ್’ ಅಂತ ಇರುವುದನ್ನು ನಂಬಿಕೊಳ್ಳಬೇಡಿ. ಹುಡುಕಿದರೆ ಸಿಗಲ್ಲ ಅಷ್ಟೇ, ಲಿಂಕ್ ಸಿಕ್ಕವರೆಲ್ಲ ಓದಬಹುದು.

ಅಂದಹಾಗೆ ರಿವ್ಯೂ ನಡೆಯಿತು. ಗ್ರಾಫ್ ಬಂತು, ಬೀದರ್ ಸಮೇತ. ಆ ಪ್ರೋಗ್ರಾಂ ಈಗ ನಮ್ಮ ಜೂನಿಯರ್‌ಗಳ ಕೈಯಲ್ಲಿದೆ. ಅದರಲ್ಲಿ ಜಿಲ್ಲೆಯ ಹೆಸರಿನಿಂದ ಏನನ್ನೋ ಕಿತ್ತುಹಾಕುವ, ನೋಡಿದರೆ ಏನೂ ಕೆಲಸ ಮಾಡದಂತೆ ಕಾಣುವ ಒಂದು ರಿಪ್ಲೇಸ್ ಸಾಲಿದೆ. ಪಕ್ಕದಲ್ಲಿ ಕಾಮೆಂಟ್ ಬರೆದಿದ್ದೇವೆ. ದಯವಿಟ್ಟು ಅದನ್ನು ಓದಿ, ಸಾಲನ್ನು ಅಳಿಸಬೇಡ್ರಪ್ಪ.